ಅತ್ತೆಯ ಮರುವಾಯಿ, ಮೊಮ್ಮಗನ ಮೀನು

ಕರಾವಳಿಯ ಮನೆಗಳಲ್ಲಿ ಮೀನು ಎಂದರೆ ಅಡುಗೆಮನೆಗೆ ಸೇರಿದ ಸಂಗತಿ. ಬೆಳಿಗ್ಗೆ ಬುಟ್ಟಿ ಹೊತ್ತು ಬರುವ ಹೆಂಗಸಿನ ಕೂಗು, ಬಂಗುಡೆಯೋ ಬೂತಾಯಿಯೋ ಎಂಬ ವಿಚಾರಣೆ, ಒಂದಿಷ್ಟು ಚೌಕಾಸಿ, ಆಮೇಲೆ ಹುಳಿ, ಮೆಣಸು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಹೊತ್ತಿಗೆ ಸರಿಯಾಗಿ ಊಟ ಕೊಟ್ಟು, ನೀರು ಬದಲಿಸಿ ಸಾಕುವುದೆಂದರೆ ನಮ್ಮ ಹಿರಿಯರಿಗೆ ನಗು ಬರುತ್ತದೆ. ನಮ್ಮ ಹಜಾರದ ಮೀನನ್ನು ನೋಡಿದ ನೆಂಟರೂ ಒಂದು ಕ್ಷಣ ಸುಮ್ಮನಿದ್ದು, "ಇದಕ್ಕೆ ಕಿಲೋಗೆ ಎಷ್ಟು? ರುಚಿ ಹೇಗೆ?" ಎಂದೇ ಕೇಳುತ್ತಾರೆ. ಅತ್ತೆ ಎಲೆ ಅಡಿಕೆ ಜಗಿಯುತ್ತಾ, "ತಿಂದು ನೋಡಿ. ಆದರೆ ಮೊದಲು ಮನೆಯಲ್ಲಿ ಹೇಳಿಬನ್ನಿ" ಎನ್ನುತ್ತಾರೆ.

ಅತ್ತೆಯ ಮಾತು ತಮಾಷೆಯಾದರೂ ಸುಳ್ಳಲ್ಲ. ಇದು ಪಫರ್ ಜಾತಿಯ ಮೀನು. ಹೆದರಿದಾಗ ಹೊಟ್ಟೆಗೆ ನೀರು ಕುಡಿದು ಚೆಂಡಿನಂತೆ ಉಬ್ಬಿಕೊಳ್ಳುತ್ತದೆ. ಮೈಯೊಳಗೆ ವಿಷವಿರುತ್ತದೆ. ಜಪಾನಿನಲ್ಲಿ ಇದರ ಬಳಗದ ಮೀನನ್ನು ಅಡುಗೆ ಮಾಡಲು ಬಾಣಸಿಗರಿಗೆ ಪರವಾನಗಿಯೇ ಬೇಕು. ನಮ್ಮ ಕಡಲಲ್ಲಿ ಬಲೆಗೆ ಬೀಳುವ ಇಂಥ ಮೀನುಗಳನ್ನು ಮೀನುಗಾರರು ಎತ್ತಿ ಎಸೆಯುತ್ತಾರೆ. ಬಲೆ ಕಚ್ಚಿ ಹರಿಯುವ ಹಲ್ಲು ಅದಕ್ಕಿದೆ ಎಂದು ಬೈಯುವುದೂ ಉಂಟು. ನಮ್ಮ ಮನೆಗೆ ಬಂದದ್ದು ಹಸಿರು ಚುಕ್ಕೆಯ ಪಫರ್. ಶ್ರೀಲಂಕಾದಿಂದ ಇಂಡೋನೇಷ್ಯಾವರೆಗೆ ನದಿ ಕಡಲು ಸೇರುವ ಅಳಿವೆಗಳಲ್ಲಿ, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬದುಕುವಂಥದ್ದು. ಬೆನ್ನಿನ ಮೇಲೆ ಹೊಳೆಯುವ ಹಸಿರು, ಅದರ ಮೇಲೆ ಕಪ್ಪು ಚುಕ್ಕೆಗಳು, ಹಾಲಿನಂಥ ಬಿಳಿ ಹೊಟ್ಟೆ. ಕಣ್ಣುಗಳೆರಡೂ ಬೇರೆ ಬೇರೆ ಕಡೆ ತಿರುಗುತ್ತವೆ. ಒಂದು ಕಣ್ಣು ನಿಮ್ಮ ಮೇಲಿದ್ದರೆ ಇನ್ನೊಂದು ನಿಮ್ಮ ಕೈಯಲ್ಲಿರುವ ಬಟ್ಟಲಿನ ಮೇಲೆ.

ಅದರ ಬಗ್ಗೆ ಓದುತ್ತಾ ಹೋದಾಗ ನನಗೆ ಅಚ್ಚರಿಯ ವಿಷಯವೊಂದು ಸಿಕ್ಕಿತು. ಮನುಷ್ಯನ ಜೀನೋಮ್ ಓದಿದಂತೆ ಈ ಪುಟ್ಟ ಮೀನಿನ ಜೀನೋಮನ್ನೂ ವಿಜ್ಞಾನಿಗಳು ಓದಿ 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಬೆನ್ನೆಲುಬಿರುವ ಪ್ರಾಣಿಗಳಲ್ಲೇ ಅತ್ಯಂತ ಚಿಕ್ಕ ಜೀನೋಮ್‌ಗಳಲ್ಲಿ ಇದರದ್ದೂ ಒಂದು. ಅಂಗಡಿಯಲ್ಲಿ ನೂರಿಪ್ಪತ್ತು ರೂಪಾಯಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ಮೀನಿಗೆ ಇಷ್ಟು ದೊಡ್ಡ ಮರ್ಯಾದೆ ಸಿಕ್ಕಿದೆಯೆಂದು ಆ ಅಂಗಡಿಯವನಿಗೆ ಗೊತ್ತಿರಲಾರದು. ಅವನಿಗೆ ಗೊತ್ತಿಲ್ಲದ ಸಂಗತಿಗಳು ಇನ್ನೂ ಇದ್ದವು, ಅದನ್ನು ಮುಂದೆ ಹೇಳುತ್ತೇನೆ.

ನನ್ನ ನಾದಿನಿಯ ಕುಟುಂಬ ಬೆಂಗಳೂರಿನಲ್ಲಿತ್ತು. 2022ರ ಮೇ ತಿಂಗಳ ಈದುಲ್ ಫಿತ್ರ್‌ಗೆ ಸಿಕ್ಕಿದ ಹಣವನ್ನೆಲ್ಲ ಕೂಡಿಸಿ ಅವಳ ಮಗ, ಆಗ ಒಂಬತ್ತು ವರ್ಷದವನು, ಎರಡು ಪುಟ್ಟ ಮೀನು ತಂದಿದ್ದ. ಹೆಬ್ಬೆರಳಿನ ತುದಿಯಷ್ಟು ಗಾತ್ರ. ಒಂದಕ್ಕೆ ಲಡ್ಡು, ಇನ್ನೊಂದಕ್ಕೆ ಪೇಡ ಎಂದು ಹೆಸರಿಟ್ಟ. "ಸಿಹಿನೀರು ಸಾಕು, ಬೇಕಾದರೆ ಚಿಟಿಕೆ ಉಪ್ಪು ಹಾಕಿ, ಒಣ ಕಾಳಿನ ಆಹಾರ ಕೊಡಿ" ಎಂದು ಅಂಗಡಿಯವನು ಹೇಳಿದ್ದನಂತೆ. ಜೋಡಿಯಾಗಿ ಇರಲಿ ಎಂದೂ ಅವನೇ ಹೇಳಿದ್ದು. ಮೂರು ತಿಂಗಳಲ್ಲಿ ಲಡ್ಡು ಪೇಡನ ಬಾಲ ಕಚ್ಚಿ ಕಚ್ಚಿ ಅದರ ಕಥೆ ಮುಗಿಸಿತು. ಮಗು ಎರಡು ದಿನ ಊಟ ಬಿಟ್ಟಿತ್ತು ಎಂದು ನಾದಿನಿ ಫೋನಿನಲ್ಲಿ ಹೇಳಿದ್ದಳು.

ಅದೇ ವರ್ಷದ ಡಿಸೆಂಬರಿನಲ್ಲಿ ಭಾವನಿಗೆ ದಮ್ಮಾಮಿನಲ್ಲಿ ಫ್ಯಾಮಿಲಿ ವೀಸಾ ಸಿಕ್ಕಿತು. ಸಾಮಾನು ಕೆಲವು ಮಾರಿದರು, ಕೆಲವು ಹಂಚಿದರು. ಬಿರಿಯಾನಿ ಹಂಡೆ, ಹೊಲಿಗೆ ಯಂತ್ರ, ಎರಡು ಚಾಪೆಗಳ ಜೊತೆಗೆ ಲಡ್ಡು ನಮ್ಮ ಪಾಲಿಗೆ ಬಂತು. ಮುಚ್ಚಳವಿರುವ ಪೇಂಟಿನ ಬಕೆಟಿನಲ್ಲಿ ರಾತ್ರಿಯ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಬಂತು. ಮಗು ಇಡೀ ದಾರಿ ಬಕೆಟನ್ನು ಕಾಲಿನ ನಡುವೆ ಇಟ್ಟುಕೊಂಡೇ ಕೂತಿತ್ತಂತೆ. ಹೊರಡುವ ದಿನ ಅವನು ನನ್ನ ಹತ್ತಿರ ಬಂದು, "ಮಾಮಿ, ಇದನ್ನು ಸಾಯಲು ಬಿಡಬೇಡಿ. ನಾನು ಶುಕ್ರವಾರ ಶುಕ್ರವಾರ ವಿಡಿಯೋ ಕಾಲ್ ಮಾಡಿ ನೋಡ್ತೇನೆ" ಎಂದ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಅಜ್ಜಿಗೆ ಏನಾದರೂ ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಅತ್ತೆ ಏನೂ ತೋರಿಸಿಕೊಳ್ಳದೆ ಅವನ ಕಾಲರ್ ಸರಿ ಮಾಡಿದರು.

ಕಾರು ಹೋದ ಮೇಲೆ ಬಕೆಟಿನ ಮುಚ್ಚಳ ತೆಗೆದು ನೋಡಿದೆವು. ಬಿಳಿಯಾಗಿರಬೇಕಾದ ಹೊಟ್ಟೆ ಬೂದಿ ಬಣ್ಣಕ್ಕೆ ತಿರುಗಿತ್ತು. ಬಾಲವನ್ನು ಒಂದು ಬದಿಗೆ ಮಡಚಿ ಮೂಲೆಯಲ್ಲಿ ಕೂತಿತ್ತು. ಅತ್ತೆ ಬಗ್ಗಿ ನೋಡಿ, "ಇದು ಶುಕ್ರವಾರದ ತನಕ ಇರುತ್ತದಾ?" ಎಂದರು. ಆಮೇಲೆ ತಮ್ಮಷ್ಟಕ್ಕೇ, "ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿನ ಗತಿ ಏನಾಯಿತೆಂದು ಗೊತ್ತಲ್ಲ. ಮನೆಯೊಳಗೆ ತಂದ ಮೇಲೆ ಅದರ ಲೆಕ್ಕ ನಮ್ಮದೇ" ಎಂದರು. ಆ ಹದೀಸ್ ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ಆದರೆ ಮೀನಿನ ವಿಷಯದಲ್ಲಿ ಅದನ್ನು ಯಾರಾದರೂ ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು.

ನನ್ನ ತವರು ಕೋಟೆಪುರದ ಕಡೆ. ಒಂದು ಬದಿ ನೇತ್ರಾವತಿ, ಇನ್ನೊಂದು ಬದಿ ಕಡಲು. ಗುರುಪುರ ನದಿಯೂ ಬಂದು ಸೇರುವ ಅಳಿವೆ ಬಾಗಿಲಿಗೆ ಅಲ್ಲಿಂದ ನಡೆದು ಹೋಗಬಹುದು. ಆಚೆ ದಡದಲ್ಲಿ ಬೆಂಗ್ರೆ. ಅಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಉಪ್ಪುನೀರಿನ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಮಾರ್ಚ್ ದಾಟಿದರೆ ನಮ್ಮ ಬಾವಿಯ ನೀರಿನಲ್ಲಿ ಬೇಳೆ ಬೇಯದು, ಸೋಪು ನೊರೆ ಬಾರದು, ಚಹಾ ಬಾಯಿಗಿಡಲಾಗದು. ದೂರದ ನಳ್ಳಿಯಿಂದ ಕೊಡ ಹೊತ್ತು ತರಬೇಕಿತ್ತು. ಜೂನ್‌ನಲ್ಲಿ ಮಳೆ ಹಿಡಿದರೆ ಕೆಂಪು ನೀರು ನದಿ ತುಂಬಿ ಬಂದು ಉಪ್ಪನ್ನೆಲ್ಲ ಕಡಲಿಗೆ ತಳ್ಳಿಬಿಡುತ್ತದೆ. ಆಗ ಅಳಿವೆಯಲ್ಲೇ ನಿಂತು ನೀರು ಬಾಯಿಗೆ ಹಾಕಿದರೂ ಸಪ್ಪೆ. ಮತ್ತೆ ಚಳಿಗಾಲ ಕಳೆಯುತ್ತಿದ್ದಂತೆ ಭರತದ ಜೊತೆ ಉಪ್ಪು ಮೆಲ್ಲಮೆಲ್ಲನೆ ಮೇಲೇರುತ್ತದೆ. ಒಂದೇ ನೀರು, ವರ್ಷದಲ್ಲಿ ಎರಡು ಸ್ವಭಾವ. ಅಲ್ಲಿ ಬದುಕುವ ಮೀನು, ಏಡಿ, ಮರುವಾಯಿಗಳು ಈ ಎರಡನ್ನೂ ತಾಳಿಕೊಳ್ಳುವಂಥವು.

ಅಬ್ಬನಿಗೆ ಫೋನ್ ಮಾಡಿ ಮೀನಿನ ಚಿತ್ರ ಕಳಿಸಿದೆ. ಚಿಕ್ಕಂದಿನಿಂದ ದೋಣಿಯಲ್ಲೇ ಇದ್ದವರು. "ಈ ಜಾತಿಯದ್ದೇ ಅಲ್ಲ, ಆದರೆ ಇದರ ಮುಖ ಅಳಿವೆ ಮೀನಿನದ್ದು. ಬಾವಿ ನೀರಿನಲ್ಲಿ ಇಟ್ಟರೆ ಹೇಗೆ ಬದುಕೀತು?" ಎಂದರು. ನಮ್ಮ ಕೆಳಗಿನ ಮಹಡಿಯಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳಿದ್ದಳು. 1969ರಲ್ಲಿ ಆರಂಭವಾದ ಆ ಕಾಲೇಜು ನಮ್ಮ ಊರಿನಲ್ಲೇ ಇದ್ದರೂ ಅಲ್ಲಿ ಏನು ಕಲಿಸುತ್ತಾರೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವಳು ಬಂದು ನೋಡಿ ಅಬ್ಬ ಹೇಳಿದ್ದನ್ನೇ ಪುಸ್ತಕದ ಭಾಷೆಯಲ್ಲಿ ಹೇಳಿದಳು.

ಅವಳು ವಿವರಿಸಿದ್ದು ಹೀಗೆ. ಮೀನಿನ ರಕ್ತದಲ್ಲಿ ಒಂದು ಹದದ ಉಪ್ಪಿರುತ್ತದೆ. ಸುತ್ತ ಸಿಹಿನೀರಿದ್ದರೆ ನೀರು ಸದಾ ಮೈಯೊಳಗೆ ನುಗ್ಗುತ್ತಿರುತ್ತದೆ, ಮೈಯ ಉಪ್ಪು ಹೊರಗೆ ಸೋರುತ್ತಿರುತ್ತದೆ. ಅದನ್ನು ಸರಿದೂಗಿಸಲು ಮೂತ್ರಪಿಂಡ ಹಗಲಿರುಳು ದುಡಿಯಬೇಕು. ಸಿಹಿನೀರಿನ ಮೀನಿಗೆ ಅದೇ ಜೀವನ. ಈ ಪಫರ್ ಮರಿಯಾಗಿದ್ದಾಗ ಸಿಹಿನೀರನ್ನು ತಾಳಿಕೊಳ್ಳುತ್ತದೆ, ಹಾಗಾಗಿ ಅಂಗಡಿಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಬೆಳೆದಂತೆಲ್ಲ ಅದಕ್ಕೆ ಉಪ್ಪು ಹೆಚ್ಚು ಬೇಕು. ಸಿಗದಿದ್ದರೆ ಒಂದೇ ದಿನ ಸಾಯುವುದಿಲ್ಲ, ಸೊರಗುತ್ತಾ ಸೊರಗುತ್ತಾ ಆಯುಷ್ಯ ಮುಗಿಯುವ ಮೊದಲೇ ಹೋಗುತ್ತದೆ. ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕಬಲ್ಲದು, ಹದಿನೈದು ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲದು ಎಂದಳು. ಹತ್ತು ವರ್ಷ ಎಂಬ ಮಾತು ಕೇಳಿ ಇವರು ಪೇಪರಿನಿಂದ ತಲೆ ಎತ್ತಿದರು.

"ಉಪ್ಪು ತಾನೇ, ಡಬ್ಬಿಯಲ್ಲಿದೆ" ಎಂದು ಅತ್ತೆ ಎದ್ದರು. ಹುಡುಗಿ ತಡೆದಳು. ಅಡುಗೆಯ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನಲ್ಲಿ ಅದರ ಜೊತೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ ಎಲ್ಲವೂ ಇರುತ್ತದೆ, ನೀರಿನ ಗಡಸುತನ ಉಳಿಸುವುದು ಅವೇ. ಕಡಲ ಮೀನು ಸಾಕುವವರಿಗೆಂದೇ ತಯಾರಿಸಿದ ಉಪ್ಪಿನ ಪುಡಿ ಸಿಗುತ್ತದೆ, ಅದೇ ಆಗಬೇಕು. ಉಳ್ಳಾಲದ ಕಡಲಿನಿಂದಲೇ ಕ್ಯಾನಿನಲ್ಲಿ ತಂದರಾಯಿತಲ್ಲ ಎಂದು ಇವರು ಸೂಚಿಸಿದರು. ಅಳಿವೆಯ ಹತ್ತಿರದ ನೀರಿನಲ್ಲಿ ಊರಿನ ಕೊಳಕೂ ರೋಗವೂ ಬರುತ್ತದೆ, ಮಳೆಗಾಲದಲ್ಲಂತೂ ಅದರಲ್ಲಿ ಉಪ್ಪೇ ಇರುವುದಿಲ್ಲ ಎಂದು ಅದಕ್ಕೂ ಬೇಡ ಎಂದಳು.

ಆ ತಿಂಗಳು ನಾನು ಹೊಲಿಗೆಯಿಂದ ಕೂಡಿಸಿದ್ದ ದುಡ್ಡಿನಲ್ಲಿ ಒಂಬತ್ತು ಸಾವಿರ ರೂಪಾಯಿ ಈ ಮೀನಿಗೆ ಹೋಯಿತು. ನೂರಿಪ್ಪತ್ತು ಲೀಟರಿನ ಗಾಜಿನ ತೊಟ್ಟಿ, ಕಬ್ಬಿಣದ ಸ್ಟ್ಯಾಂಡ್, ಫಿಲ್ಟರ್, ಉಪ್ಪಿನ ಪುಡಿ, ನೀರು ಪರೀಕ್ಷಿಸುವ ಕಿಟ್, ಹೈಡ್ರೋಮೀಟರ್. ನೂರಿಪ್ಪತ್ತು ರೂಪಾಯಿಯ ಮೀನಿಗೆ ಒಂಬತ್ತು ಸಾವಿರವೇ ಎಂದು ಕೇಳಿದವರಿಗೆ ನಾನು ಉತ್ತರ ಕೊಡಲು ಹೋಗಿಲ್ಲ. ಮದುವೆಗೆ ಒಮ್ಮೆ ಉಟ್ಟು ಕಪಾಟಿನಲ್ಲಿಡುವ ಸೀರೆಗೆ ಯಾರೂ ಲೆಕ್ಕ ಕೇಳುವುದಿಲ್ಲವಲ್ಲ.

ಹೈಡ್ರೋಮೀಟರ್ ಎಂದರೆ ನೀರು ಎಷ್ಟು ಸಾಂದ್ರವಾಗಿದೆ ಎಂದು ತೋರಿಸುವ ಅಗ್ಗದ ಉಪಕರಣ. ಶುದ್ಧ ನೀರಿಗೆ 1.000 ಇದ್ದರೆ ಕಡಲ ನೀರಿಗೆ ಸುಮಾರು 1.025. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಲಡ್ಡುವಿನ ವಯಸ್ಸಿಗೆ 1.005ರಿಂದ ಆರಂಭಿಸಿ ಮೇಲೇರಿಸಬೇಕಿತ್ತು, ಅಂದರೆ ಲೀಟರಿಗೆ ಏಳೆಂಟು ಗ್ರಾಂ. ಅದನ್ನೂ ಒಮ್ಮೆಲೇ ಸುರಿಯುವಂತಿಲ್ಲ. ಮೀನಿನ ಮಲಮೂತ್ರದಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ವಿಷ ಇಳಿಸುತ್ತವೆ. ಉಪ್ಪು ಒಮ್ಮೆಲೇ ಏರಿದರೆ ಆ ಬ್ಯಾಕ್ಟೀರಿಯಾಗಳಿಗೇ ಪೆಟ್ಟು. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕಾರು ವಾರ ಬೇಕು. ನಮಗೆ ಅಷ್ಟು ಸಮಯವಿರಲಿಲ್ಲ. ಹುಡುಗಿ ತನ್ನ ಗೆಳತಿಯ ಹಳೆಯ ತೊಟ್ಟಿಯಿಂದ ಕೊಳಕು ಸ್ಪಂಜೊಂದನ್ನು ಅಮೂಲ್ಯ ವಸ್ತುವಿನಂತೆ ಕವರಿನಲ್ಲಿ ಹಿಡಿದು ತಂದಳು. ಹೆಪ್ಪು ಹಾಕಿದ ಹಾಗೆ, ಅಷ್ಟೇ. ಹಳೆಯ ಮೊಸರಿಲ್ಲದೆ ಹೊಸ ಮೊಸರು ಆಗುವುದಿಲ್ಲ ಎಂದು ಅತ್ತೆಗೆ ಮಾತ್ರ ತಕ್ಷಣ ಅರ್ಥವಾಯಿತು.

ಇನ್ನೊಂದು ಮಾತು. ತೊಟ್ಟಿಯ ನೀರು ಆರಿ ಕಡಿಮೆಯಾದಾಗ ತುಂಬಿಸುವುದು ಸಿಹಿನೀರಿನಿಂದ. ಆರುವುದು ನೀರು ಮಾತ್ರ, ಉಪ್ಪು ಒಳಗೇ ಇರುತ್ತದೆ. ಸಾರು ಬತ್ತಿದರೆ ಉಪ್ಪಾಗುವುದನ್ನು ಕಂಡ ನಮಗೆ ಇದು ಹೊಸತಲ್ಲ. ಆದರೆ ನೀರು ತೆಗೆದು ಬದಲಿಸುವಾಗ ಹೊಸ ನೀರಿಗೆ ಉಪ್ಪು ಬೆರೆಸಿಯೇ ಹಾಕಬೇಕು. ನಳ್ಳಿ ನೀರಿನ ಕ್ಲೋರಿನ್ ತೆಗೆಯದೆ ಹಾಕಬಾರದು. ತಾಮ್ರವಿರುವ ಔಷಧಗಳನ್ನು ಪಫರ್ ತಾಳದು. ಬಲೆಯಲ್ಲಿ ಹಿಡಿದು ಗಾಳಿಗೆ ಎತ್ತಲೇಬಾರದು, ಹೆದರಿ ಗಾಳಿ ನುಂಗಿ ಉಬ್ಬಿದರೆ ಅದನ್ನು ಹೊರಹಾಕಲು ಕಷ್ಟಪಡುತ್ತದೆ. ನೀರಿನ ಸಮೇತ ಬಟ್ಟಲಿನಲ್ಲಿ ಎತ್ತಬೇಕು. ಉಬ್ಬಿಸಿ ನೋಡೋಣ ಎಂದು ಗಾಜು ಬಡಿಯುವ ಮಕ್ಕಳನ್ನು ಅತ್ತೆ ಗದರುತ್ತಾರೆ. ಅದು ಆಟವಲ್ಲ, ಪ್ರಾಣಭಯ.

ಎರಡನೇ ವಾರಕ್ಕೆ ಹೊಟ್ಟೆಯ ಬೂದಿ ಬಣ್ಣ ತಿಳಿಯಾಗತೊಡಗಿತು. ಆದರೆ ತಿನ್ನುತ್ತಿರಲಿಲ್ಲ. ಸಿಗಡಿಯ ಚೂರು ಹಾಕಿದರೆ ಓಡಿ ಬರುತ್ತಿತ್ತು, ಮೂತಿ ತಾಗಿಸುತ್ತಿತ್ತು, ಉಗಿದು ಹಿಂದೆ ಸರಿಯುತ್ತಿತ್ತು. ಹಸಿವಿದೆ, ಆಸೆಯಿದೆ, ಬಾಯಿ ತೆರೆಯುವುದಿಲ್ಲ. ಈ ಮೀನಿನ ಬಳಗಕ್ಕೆ ವಿಜ್ಞಾನಿಗಳಿಟ್ಟ ಟೆಟ್ರಾಡಾನ್ ಎಂಬ ಹೆಸರಿನ ಅರ್ಥವೇ ನಾಲ್ಕು ಹಲ್ಲು. ಮೇಲೆ ಎರಡು, ಕೆಳಗೆ ಎರಡು ಕೂಡಿ ಗಿಳಿಯ ಕೊಕ್ಕಿನಂತಾಗಿವೆ. ನಮ್ಮ ಉಗುರಿನಂತೆ ಅವು ಬೆಳೆಯುತ್ತಲೇ ಇರುತ್ತವೆ. ಅಳಿವೆಯಲ್ಲಿ ದಿನವಿಡೀ ಬಸವನಹುಳು, ಏಡಿ, ಚಿಪ್ಪುಗಳನ್ನು ಕಟಕಟನೆ ಒಡೆದು ತಿನ್ನುವಾಗ ಹಲ್ಲು ತಾನಾಗಿ ಸವೆಯುತ್ತದೆ. ಏಳು ತಿಂಗಳು ಮೆತ್ತಗಿನ ಆಹಾರ ತಿಂದ ಲಡ್ಡುವಿನ ಹಲ್ಲು ಬೆಳೆದು ಬೆಳೆದು ಬಾಯಿಗೆ ಬೀಗ ಹಾಕಿತ್ತು.

ಶುಕ್ರವಾರ ಫೋನ್ ಬಂತು. "ಲಡ್ಡು ತಿಂತಾ ಇದೆಯಾ?" ಎಂದು ಮಗು ಕೇಳಿತು. ನಾನು ಉತ್ತರ ಹುಡುಕುವ ಮೊದಲೇ ಅತ್ತೆ, "ಅದಕ್ಕೆ ಹಲ್ಲುನೋವು. ಡಾಕ್ಟರ್ ಬರ್ತಾರೆ" ಎಂದರು. ಮಗು ನಕ್ಕಿತು. ದಮ್ಮಾಮಿಗೆ ಹೋದ ಮೇಲೆ ಅವನು ನಕ್ಕಿದ್ದನ್ನು ನಾವು ಮೊದಲ ಸಲ ಕೇಳಿದ್ದು ಅಂದು. ಹೊಸ ಶಾಲೆ, ಗೆಳೆಯರಿಲ್ಲ, ಮನೆಯಿಂದ ಹೊರಗೆ ಕಾಲಿಡುವುದೇ ಇಲ್ಲ ಎಂದು ನಾದಿನಿ ಹಿಂದಿನ ದಿನ ಅತ್ತಿದ್ದಳು.

ಡಾಕ್ಟರಾಗಿ ಬಂದವಳು ಕೆಳಗಿನ ಮಹಡಿಯ ಹುಡುಗಿಯೇ. ಅವಳು ತನ್ನ ಮೇಷ್ಟ್ರನ್ನು ಕೇಳಿ, ಅಳತೆ ಬರೆದುಕೊಂಡು ಬಂದಿದ್ದಳು. ಲವಂಗದ ಎಣ್ಣೆಗೆ ಮೀನಿಗೆ ಮಂಪರು ಬರಿಸುವ ಗುಣವಿದೆ. ಹಲ್ಲುನೋವಿಗೆ ನಾವು ಹತ್ತಿಯಲ್ಲಿ ಅದ್ದಿ ಇಡುವುದೂ ಅದನ್ನೇ. ತೊಟ್ಟಿಯ ನೀರನ್ನೇ ಬಟ್ಟಲಿಗೆ ತೆಗೆದು, ಎಣ್ಣೆಯನ್ನು ಬೇರೆ ಬಾಟಲಿಯ ನೀರಿನಲ್ಲಿ ಚೆನ್ನಾಗಿ ಕುಲುಕಿ, ಸ್ವಲ್ಪ ಸ್ವಲ್ಪವೇ ಸೇರಿಸಿದಳು. ಲಡ್ಡು ಒಂದು ಸುತ್ತು ಹೊಡೆಯಿತು, ವಾಲಿತು, ಬದಿಗೆ ಮಲಗಿತು. ಕಿವಿರು ಮಾತ್ರ ಮೆಲ್ಲನೆ ಆಡುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿ ನಾನು ಹಿಡಿದೆ. ಅಂಗೈಯಲ್ಲಿ ಒಂದು ಒದ್ದೆ ನೆಲ್ಲಿಕಾಯಿ ಹಿಡಿದ ಹಾಗೆ. ಹುಡುಗಿ ಉಗುರಿನ ಚರ್ಮ ಕತ್ತರಿಸುವ ಪುಟ್ಟ ಕತ್ತರಿಯಿಂದ ಮೇಲಿನ ಹಲ್ಲಿನ ತುದಿಯನ್ನು ಒಂದಿಷ್ಟು, ಕೆಳಗಿನದ್ದನ್ನು ಒಂದಿಷ್ಟು ಕತ್ತರಿಸಿದಳು. ಟಕ್ ಎಂಬ ಸದ್ದು ಎರಡು ಸಲ. ಒಂದು ನಿಮಿಷವೂ ಹಿಡಿದಿರಲಾರದು. ಎಣ್ಣೆಯಿಲ್ಲದ ತಿಳಿನೀರಿಗೆ ಬಿಟ್ಟೆವು. ಬದಿಗೆ ಮಲಗಿಯೇ ಇತ್ತು.

ಅತ್ತೆ ಒಳಗಿನ ಕೋಣೆಯಲ್ಲಿ ತಸ್ಬೀಹ್ ಹಿಡಿದು ಕೂತಿದ್ದರು. "ಎದ್ದಿತಾ?" ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಕೇಳಿದರು. ಇಲ್ಲ ಎಂದೆ. ಹುಡುಗಿ ಅದನ್ನು ಫಿಲ್ಟರಿನ ನೀರು ಬೀಳುವ ಕಡೆಗೆ ಮುಖ ಮಾಡಿಸಿ ಹಿಡಿದಿದ್ದಳು, ಕಿವಿರಿನ ಮೂಲಕ ನೀರು ಹಾಯಲಿ ಎಂದು. ಅವಳ ಕೈ ನಡುಗುತ್ತಿತ್ತು. ಮೊದಲು ಒಂದು ಕಣ್ಣು ತಿರುಗಿತು. ಆಮೇಲೆ ಎದೆಯ ರೆಕ್ಕೆಗಳು ಬೀಸಣಿಗೆಯಂತೆ ಆಡಿದವು. ಸಹೋದರಿಯರೇ, ಇದನ್ನು ಓದಿ ಯಾರೂ ತಾವಾಗಿಯೇ ಲವಂಗದ ಎಣ್ಣೆ ಕೈಗೆತ್ತಿಕೊಳ್ಳಬೇಡಿ. ಅಳತೆ ಸ್ವಲ್ಪ ಹೆಚ್ಚಾದರೆ ಮೀನು ಏಳುವುದೇ ಇಲ್ಲ, ತಿಳಿದವರ ಕೈಯಿಂದಲೇ ಆಗಬೇಕಾದ ಕೆಲಸ.

ಮರುದಿನ ಸಂಜೆ ಅದು ಸಿಗಡಿ ತಿಂದಿತು. ಮೂರನೇ ದಿನ ಮರುವಾಯಿ. ಇಲ್ಲಿಂದ ಮುಂದೆ ಕಥೆ ನನ್ನ ಕೈಯಿಂದ ಜಾರಿ ಅತ್ತೆಯ ಕೈಗೆ ಹೋಯಿತು. ಮರುವಾಯಿ ಸುಕ್ಕ ನಮ್ಮ ಮನೆಯಲ್ಲಿ ಅವರ ಇಲಾಖೆ. ರಾತ್ರಿ ನೀರಿನಲ್ಲಿ ನೆನೆಸಿಟ್ಟು ಮರಳು ಬಿಡಿಸುವುದು, ಬೆಳಿಗ್ಗೆ ಉಜ್ಜಿ ತೊಳೆಯುವುದು, ಮೆಟ್ಟುಕತ್ತಿಯಲ್ಲಿ ಒಂದೊಂದಾಗಿ ಬಿಡಿಸುವುದು, ಮಾಂಸವಿರುವ ಒಂದು ಚಿಪ್ಪನ್ನು ಉಳಿಸಿ ಇನ್ನೊಂದನ್ನು ಎಸೆಯುವುದು, ಬೇರೆ ಯಾರನ್ನೂ ಹತ್ತಿರ ಬಿಡರು. ಈಗ ಅದಕ್ಕೆ ಒಂದು ಕೆಲಸ ಹೆಚ್ಚಾಯಿತು. ರಾಶಿಯಿಂದ ತೀರ ಚಿಕ್ಕವನ್ನು ಆರಿಸಿ ಒಂದು ಸ್ಟೀಲ್ ಡಬ್ಬಿಗೆ ಹಾಕುವುದು. ಹುಳುಗಳಿದ್ದರೆ ಸಾಯಲಿ ಎಂದು ಆ ಡಬ್ಬಿಯನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಕರಗಿಸಿ ಕೊಡುತ್ತೇವೆ. ಚಿಕ್ಕದನ್ನು ಲಡ್ಡು ಚಿಪ್ಪಿನ ಸಮೇತ ಒಡೆಯುತ್ತದೆ. ಆ ಸದ್ದು ಹಜಾರದ ಈ ತುದಿಗೂ ಕೇಳುತ್ತದೆ. ತಿಂದುಳಿದ ಚಿಪ್ಪುಗಳನ್ನು ಬಿಸಿಲಿಗಿಟ್ಟು ಪುಡಿಮಾಡಿ ತೊಟ್ಟಿಯ ಅಡಿಗೆ ಹಾಸಿದ್ದೇವೆ. ಮೊದಲು ನಮ್ಮ ಕರಾವಳಿಯಲ್ಲಿ ಸುಣ್ಣ ಸುಡುತ್ತಿದ್ದುದೇ ಇದರಿಂದ. ನೀರು ಹುಳಿಯಾಗದಂತೆ ಅದು ಮೆಲ್ಲನೆ ಕರಗುತ್ತಾ ಕಾಯುತ್ತದೆ.

ಅಂಗಡಿಯಲ್ಲಿ ಸಿಗುವ ಈ ಮೀನುಗಳಲ್ಲಿ ಬಹುಪಾಲು ಮನೆಯಲ್ಲಿ ಮರಿ ಮಾಡಿಸಿದವಲ್ಲ, ಯಾವುದೋ ಅಳಿವೆಯಿಂದ ಹಿಡಿದು ತಂದವು. ಅದನ್ನು ತಿಳಿದ ದಿನ ಇವರು, "ಹಾಗಾದರೆ ನೇತ್ರಾವತಿಗೆ ಬಿಟ್ಟುಬಿಡೋಣ, ಪುಣ್ಯ ಬರಲಿ" ಎಂದರು. ಅದೂ ಆಗದು. ಇಲ್ಲಿಯದಲ್ಲದ ಮೀನನ್ನು ಇಲ್ಲಿನ ಹೊಳೆಗೆ ಬಿಟ್ಟರೆ ಅದರ ಜೊತೆ ರೋಗವೂ ಹೋಗಬಹುದು, ಇಲ್ಲಿನ ಮೀನುಗಳಿಗೆ ಕಂಟಕವೂ ಆಗಬಹುದು. ಅತ್ತೆಯ ಕಾರಣ ಬೇರೆ. "ಅದು ನಿನ್ನ ಮೀನಾ ಬಿಡಲಿಕ್ಕೆ? ಮಗು ನಂಬಿ ಕೊಟ್ಟು ಹೋಗಿದ್ದಾನೆ. ಅಮಾನತ್ತು" ಎಂದರು. ಇವರು ಮತ್ತೆ ಆ ಮಾತು ಎತ್ತಲಿಲ್ಲ.

ಮಳೆಗಾಲ ನಮಗೆ ಪರೀಕ್ಷೆಯ ಕಾಲ. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಕಡಲಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಅಳಿವೆಯಲ್ಲಿ ಸಿಹಿನೀರು ತುಂಬಿ ಮರುವಾಯಿಯೂ ಸಿಗದು. ಮೇ ತಿಂಗಳಲ್ಲೇ ಫ್ರೀಜರಿನಲ್ಲಿ ಲಡ್ಡುವಿನ ಡಬ್ಬಿಗಳು ತುಂಬಿರಬೇಕು. ಹಿತ್ತಲ ಬಕೆಟಿನಲ್ಲಿ ಬಸವನಹುಳುಗಳನ್ನೂ ಬೆಳೆಸುತ್ತೇನೆ. 2024ರ ಜುಲೈಯಲ್ಲಿ ಒಂದು ರಾತ್ರಿ ಗಾಳಿಮಳೆಗೆ ಹೋದ ಕರೆಂಟು ಬರಲೇ ಇಲ್ಲ. ಫಿಲ್ಟರ್ ನಿಂತರೆ ನೀರಿಗೆ ಗಾಳಿ ಸೇರುವುದಿಲ್ಲ. ಲೋಟದಲ್ಲಿ ನೀರು ತೆಗೆದು ಎತ್ತರದಿಂದ ಸುರಿಯುತ್ತಾ ಕೂತೆ, ಚಹಾ ಆರಿಸುವ ಹಾಗೆ. ಎರಡು ಗಂಟೆಗೆ ಅತ್ತೆ ಎದ್ದು ಬಂದು, "ಕೊಡು ಲೋಟ. ಮಲಗು. ಹೇಗೂ ತಹಜ್ಜುದ್‌ಗೆ ಏಳಬೇಕಿತ್ತು" ಎಂದರು. ಫಜ್ರ್ ಬಾಂಗಿನ ಹೊತ್ತಿಗೆ ನಾನು ಎದ್ದು ನೋಡಿದರೆ, ಎಪ್ಪತ್ತೆರಡು ವರ್ಷದ ಅತ್ತೆ ಮೇಣದ ಬತ್ತಿಯ ಬೆಳಕಿನಲ್ಲಿ ನೀರು ಸುರಿಯುತ್ತಾ ಮೀನಿನ ಜೊತೆ ಏನೋ ಮಾತಾಡುತ್ತಿದ್ದರು. ನಾನು ಬಂದದ್ದು ನೋಡಿ ಸುಮ್ಮನಾದರು.

ಮಾರನೇ ವಾರವೇ ಬ್ಯಾಟರಿಯ ಗಾಳಿ ಪಂಪು ತರಿಸಿದೆ. ಆ ದಿನ ಅತ್ತೆ ನನ್ನ ಜೊತೆ ಒಂದು ಮಾತು ಹೇಳಿದರು. "ಮೀನು ಇರುವವರೆಗೆ ಶುಕ್ರವಾರ ಫೋನು ಬರುತ್ತದೆ." ಅಷ್ಟೇ ಹೇಳಿ ಒಳಗೆ ಹೋದರು. ಅದಕ್ಕಿಂತ ಮುಂಚೆ ಮಗುವಿನ ಶುಕ್ರವಾರದ ಕರೆ ಹೇಗಿರುತ್ತಿತ್ತೆಂದು ನಾನು ಗಮನಿಸಿಯೇ ಇದ್ದೆ. ಮೊದಲ ಹತ್ತು ನಿಮಿಷ ಲಡ್ಡುವಿಗೆ. ಅತ್ತೆ ಫೋನನ್ನು ಗಾಜಿಗೆ ಹತ್ತಿರ ಹಿಡಿಯುತ್ತಾರೆ, ಲಡ್ಡು ಗುರುತು ಹಿಡಿದಂತೆ ಮೇಲೆ ಕೆಳಗೆ ಕುಣಿಯುತ್ತದೆ. ಅದು ಕುಣಿಯುವುದು ಫೋನಿಗಲ್ಲ, ಊಟ ಕೊಡುವ ಅತ್ತೆಯ ಕೈಗೆ. ಅದನ್ನು ಮಗುವಿಗೆ ಯಾರೂ ಹೇಳಿಲ್ಲ. ಕೊನೆಗೆ, "ಅಜ್ಜಿ, ನೀವು ಹುಷಾರಾ? ಮಾತ್ರೆ ತಗೊಂಡ್ರಾ?" ಎಂಬ ಎರಡು ಮಾತು. ಆ ಎರಡು ಮಾತಿಗಾಗಿ ಅತ್ತೆ ಜುಮಾ ಮುಗಿಯುವ ಹೊತ್ತಿಗೇ ಫೋನಿಗೆ ಚಾರ್ಜ್ ತುಂಬಿಸಿ ಇಟ್ಟಿರುತ್ತಿದ್ದರು.

ಲಡ್ಡು ನಮ್ಮ ಮನೆಗೆ ಬಂದು ಮೂರು ವರ್ಷ ದಾಟಿತು. ಹೆಬ್ಬೆರಳಿನ ತುದಿಯಷ್ಟಿದ್ದದ್ದು ಈಗ ಅಂಗೈ ತುಂಬುತ್ತದೆ. ಉಪ್ಪನ್ನು ವರ್ಷದಿಂದ ವರ್ಷಕ್ಕೆ ಏರಿಸುತ್ತಾ ಬಂದು ಈಗ 1.015ರ ಹತ್ತಿರ ಇಟ್ಟಿದ್ದೇವೆ, ಕಡಲಿನ ಅರ್ಧಕ್ಕಿಂತ ಹೆಚ್ಚು. ಹಲ್ಲು ಮತ್ತೆ ಕತ್ತರಿಸಬೇಕಾಗಿ ಬಂದಿಲ್ಲ. ಒಂಟಿಯಾಗಿಯೇ ಇದೆ, ಅದರ ಸ್ವಭಾವಕ್ಕೆ ಅದೇ ಸರಿ. ತೊಟ್ಟಿ ತೊಳೆಯುವಾಗ ಕೈ ಹಾಕಿದರೆ ಬೆರಳನ್ನು ಮರುವಾಯಿ ಎಂದು ಭಾವಿಸುತ್ತದೆ, ಇವರ ಬೆರಳಿನಲ್ಲಿ ಅದರ ಗುರುತಿದೆ. ಕೆಳಗಿನ ಮಹಡಿಯ ಹುಡುಗಿ ಓದು ಮುಗಿಸಿ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಊರಿಗೆ ಬಂದಾಗ ಮೊದಲು ಮೇಲೆ ಬಂದು ತನ್ನ ರೋಗಿಯನ್ನು ನೋಡಿಕೊಂಡು ಹೋಗುತ್ತಾಳೆ.

ಮಗುವಿಗೀಗ ಹದಿಮೂರು. ದನಿ ಒಡೆದಿದೆ. ದಮ್ಮಾಮಿನ ಶಾಲೆಯಲ್ಲಿ ಗೆಳೆಯರ ಬಳಗವೇ ಆಗಿದೆ, ಶುಕ್ರವಾರ ಸಂಜೆ ಫುಟ್‌ಬಾಲ್ ಆಡಲು ಹೋಗುತ್ತಾನೆ. ನಾದಿನಿ ಸಂತೋಷದಿಂದ ಹೇಳುತ್ತಾಳೆ, ನಮಗೂ ಸಂತೋಷವೇ. ಕರೆ ಈಗ ಪ್ರತಿ ವಾರ ಬರುವುದಿಲ್ಲ. ಬಂದಾಗ, "ಲಡ್ಡು ಇನ್ನೂ ಇದೆಯಾ?" ಎಂದು ಕೇಳುತ್ತಾನೆ, ಸ್ವಲ್ಪ ಆಶ್ಚರ್ಯದಿಂದ. ಅತ್ತೆ, "ಇಲ್ಲದೆ ಎಲ್ಲಿಗೆ ಹೋಗುತ್ತದೆ?" ಎಂದು ಫೋನನ್ನು ಗಾಜಿಗೆ ಹಿಡಿಯುತ್ತಾರೆ.

ಹೋದ ಶುಕ್ರವಾರ ಕರೆ ಬರಲಿಲ್ಲ. ಅಸರ್ ಆದ ಮೇಲೆ ಮೀನಿನವಳು ಕೆಳಗಿನಿಂದ ಕೂಗಿದಳು. ಅತ್ತೆ ಮಂಡಿ ಹಿಡಿದುಕೊಂಡು ಎರಡು ಮಹಡಿ ಇಳಿದು ಹೋಗಿ ಇನ್ನೂರು ಮರುವಾಯಿ ಎಣಿಸಿ ತಂದರು. ಅಡುಗೆಮನೆಯ ನೆಲದಲ್ಲಿ ಮಣೆ ಹಾಕಿ ಕೂತು, ಕನ್ನಡಕ ಏರಿಸಿ, ಚಿಕ್ಕವನ್ನು ಒಂದೊಂದಾಗಿ ಆರಿಸಿ ಸ್ಟೀಲ್ ಡಬ್ಬಿಗೆ ಹಾಕತೊಡಗಿದರು. ನಾನು ಫೋನು ತಂದು ಪಕ್ಕದಲ್ಲಿಟ್ಟೆ. "ಆಚೆ ಇಡು, ಕೈ ಒದ್ದೆಯಾಗಿದೆ" ಎಂದರು.